ಜಾಲಿ ಕೀಳುವ ಮೊದಲು

ಚಳ್ಳಕೆರೆ

ಚಿ. ಸೌ. ಶೈಲಜಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಚಳಿ ಕಳೆದ ಮೇಲೆ ಎಷ್ಟೋ ವಾಸಿ. ಪಂಚಾಯಿತಿ ಅಧ್ಯಕ್ಷೆಯಾಗಿ ನೀನು ಹಿಡಿಯಬೇಕೆಂದಿರುವ ಮೊದಲ ಕೆಲಸದ ವಿಷಯವನ್ನು ನಿಮ್ಮ ಅವ್ವ ಫೋನಿನಲ್ಲಿ ಹೇಳಿದಳು. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ, ಎಲ್ಲ ಕಡೆಯ ಬಳ್ಳಾರಿ ಜಾಲಿಯನ್ನು ಈ ಬೇಸಿಗೆಯೊಳಗೆ ಜೆಸಿಬಿ ತರಿಸಿ ಬುಡಸಮೇತ ತೆಗೆಸುತ್ತೀಯಂತೆ. ಕೇಳಿ ಸಂತೋಷವಾಯಿತು, ಕಳವಳವೂ ಆಯಿತು. ಇಷ್ಟು ವರ್ಷ ಯಾರೂ ಮುಟ್ಟದ ಕೆಲಸಕ್ಕೆ ನೀನು ಕೈ ಹಾಕುತ್ತಿದ್ದೀಯಲ್ಲ ಎಂದು ಸಂತೋಷ. ಒಂದೇ ಬೇಸಿಗೆಯಲ್ಲಿ ಮುಗಿಸಲು ಹೊರಟರೆ ದುಡ್ಡೂ ಹೋಗಿ, ಮೂರನೇ ಮಳೆಗಾಲಕ್ಕೆ ಮೊದಲಿಗಿಂತ ದಟ್ಟವಾದ ಜಾಲಿ ನಿನ್ನ ಮುಂದೆ ನಿಂತಿರುತ್ತದಲ್ಲ ಎಂದು ಕಳವಳ. ಕಿತ್ತ ಮೇಲೆ ನಾಲ್ಕೈದು ವರ್ಷ ಕಾಯಲು ನಿಮ್ಮ ಕೈಲಾಗುವಷ್ಟು ನೆಲವನ್ನು ಮಾತ್ರ ಈಗ ಕೀಳಿಸು. ಅದಕ್ಕಿಂತ ಒಂದು ಗುಂಟೆಯೂ ಹೆಚ್ಚು ಬೇಡ. ನಾನು ಹೇಳಬೇಕೆಂದಿರುವುದು ಇದನ್ನೇ. ಕಾರಣಗಳನ್ನು ಬಿಡಿಸಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

ಈ ಮರ ನಮ್ಮದಲ್ಲ ಎಂಬುದು ನಿನಗೆ ಗೊತ್ತು. ಮೆಕ್ಸಿಕೊ, ಮಧ್ಯ ಅಮೆರಿಕ, ಅದರಾಚೆಯ ದಕ್ಷಿಣ ಅಮೆರಿಕದ ಒಣನೆಲ ಅದರ ತವರು. 1877ರಲ್ಲಿ ಬ್ರಿಟಿಷರು ಬೀಜ ತರಿಸಿ ಮೊದಲು ನೆಡಿಸಿದ್ದು ನಮಗೆ ದೂರವಲ್ಲದ ಕಡಪ ಜಿಲ್ಲೆಯಲ್ಲಿ. ಧಾತು, ಈಶ್ವರ ಸಂವತ್ಸರಗಳ ಮಹಾ ಬರದ ಕಾಲವದು. ಏನೂ ಬೆಳೆಯದ ನೆಲದಲ್ಲಿ ಹಸಿರಾಗಿ ನಿಲ್ಲುವ, ಸೌದೆ ಕೊಡುವ ಮರವೆಂದರೆ ಯಾರು ಬೇಡವೆಂದಾರು? ಆಮೇಲೆ 1961ರ ಸುಮಾರಿಗೆ ಗುಜರಾತಿನ ಕಛ್‌ನಲ್ಲಿ, ರಣ್ ಎಂಬ ಉಪ್ಪಿನ ಬಯಲು ಮುಂದೆ ಬರದಂತೆ ತಡೆಯಲು ಬನ್ನಿ ಎಂಬ ಹುಲ್ಲುಗಾವಲಿನ ಮೂವತ್ತು ಸಾವಿರಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ಅರಣ್ಯ ಇಲಾಖೆಯೇ ಇದನ್ನು ಬೆಳೆಸಿತು. ಇವತ್ತು ಆ ಹುಲ್ಲುಗಾವಲಿನ ಅರ್ಧಕ್ಕೂ ಹೆಚ್ಚು ಭಾಗ ಜಾಲಿಯ ಪಾಲಾಗಿದೆ. ನೆಟ್ಟವರ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಅವರು ಒಳ್ಳೆಯದನ್ನೇ ಬಯಸಿದರು. ಹತ್ತು ವರ್ಷದ ಮೇಲೆ ಏನಾಗುತ್ತದೆ ಎಂದು ನೋಡಲು ಯಾರನ್ನೂ ನೇಮಿಸಲಿಲ್ಲ. ಕೀಳುವ ನಿನಗೂ ಇದೇ ಮಾತು ಅನ್ವಯಿಸುತ್ತದೆ ಮಗಳೇ, ಅದಕ್ಕೇ ಇಷ್ಟು ಹೇಳಿದೆ.

ಜಾಲಿಯಿಂದ ಯಾರಿಗೆ ಏನು ಸಿಗುತ್ತಿದೆ ಎಂಬುದನ್ನು ಮೊದಲು ಬರೆದುಕೋ. ನಮ್ಮ ಕಡೆಯ ಬಡವರ ಒಲೆ ಎಷ್ಟೋ ವರ್ಷ ಉರಿದದ್ದು ಇದರ ಸೌದೆಯಿಂದ. ಹಸಿಯಿದ್ದರೂ ಹೊತ್ತಿಕೊಳ್ಳುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬೇಲಿಗೆ ಮುಳ್ಳು, ಗುಡಿಸಲಿಗೆ ಗಳ, ಇಟ್ಟಿಗೆ ಗೂಡಿಗೆ ಸೌದೆ, ಪೇಟೆಗೆ ಇದ್ದಿಲು. ಹೊಲದಲ್ಲಿ ಹಿಡಿ ಮೇವಿಲ್ಲದ ಏಪ್ರಿಲ್, ಮೇ ತಿಂಗಳಲ್ಲಿ ಮೇಕೆಗಳ ಹೊಟ್ಟೆ ತುಂಬಿಸುವುದು ಇದರ ಸಿಹಿ ಕಾಯಿ. ಜೇನುಹುಳುಗಳಿಗೆ ಹೂವೂ ಇದೆ. ಇದ್ದಿಲು ಸುಟ್ಟು ಬದುಕುವ ಜಮೀನಿಲ್ಲದ ಮನೆಗಳು ನಿಮ್ಮ ಪಂಚಾಯಿತಿಯಲ್ಲಿ ಎಷ್ಟಿವೆ? ಆ ಲೆಕ್ಕ ನಿನ್ನ ಕೈಯಲ್ಲಿಲ್ಲದೆ ಜೆಸಿಬಿ ಊರೊಳಕ್ಕೆ ಬರಕೂಡದು.

ಇನ್ನು ಅದು ಕಿತ್ತುಕೊಳ್ಳುವುದರ ಲೆಕ್ಕ. ಕೊಡುವುದು ಕಣ್ಣಿಗೆ ಕಾಣುತ್ತದೆ, ಒಬ್ಬೊಬ್ಬರ ಮನೆಗೆ ಹೊರೆಹೊರೆಯಾಗಿ ಬರುತ್ತದೆ. ಕಿತ್ತುಕೊಳ್ಳುವುದು ಎಲ್ಲರಿಂದ, ನಿಧಾನವಾಗಿ. ಆದ್ದರಿಂದಲೇ ಯಾರೂ ತಕರಾರು ಬರೆದುಕೊಡುವುದಿಲ್ಲ.

ಗೋಮಾಳವನ್ನೇ ನೋಡು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಇಲ್ಲಿ ಬೇಸಾಯಕ್ಕಿಂತ ಹುಲ್ಲೇ ನಂಬಿಗಸ್ತ ಬೆಳೆ. ಕುರುಬರ ಕುರಿ, ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ, ಮ್ಯಾಸನಾಯಕರ ದೇವರ ಎತ್ತುಗಳು, ಅಮೃತ ಮಹಲ್ ದನಗಳ ಹುಲ್ಲುಗಾವಲಾದ ಕಾವಲುಗಳು, ಇವೆಲ್ಲ ನಿಂತದ್ದು ಗರಿಕೆ, ಕರಡದಂಥ ಹುಲ್ಲಿನ ಮೇಲೆ. ಜಾಲಿ ಹೊಕ್ಕ ನೆಲದಲ್ಲಿ ಮೊದಲು ಹೋಗುವುದು ಈ ಹುಲ್ಲು. ನೆರಳು ಬಿಸಿಲನ್ನು ತಡೆಯುತ್ತದೆ. ಉದುರಿದ ಎಲೆಯಲ್ಲಿನ ರಸ ಬೇರೆ ಬೀಜಗಳನ್ನು ಮೊಳೆಯಗೊಡುವುದಿಲ್ಲ. ಮೇಲಿನ ಬೇರು ಅಗಲಕ್ಕೆ ಹರಡಿ ಬಿದ್ದ ಮಳೆಯನ್ನು ಹೀರುತ್ತದೆ, ತಾಯಿಬೇರು ಆಳಕ್ಕೆ ಇಳಿಯುತ್ತದೆ. ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಇದೇ ಬಳಗದ ಮರದ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ನಾವು ಬೋರ್‌ವೆಲ್ ಕೊರೆಸಿ ಹುಡುಕುವ ನೀರಿಗೆ ಅದು ಬೇರು ಬಿಟ್ಟು ಕಾಯುತ್ತದೆ. ಹುಲ್ಲು ಹೋದ ಮೇಲೆ ಕೃಷ್ಣಮೃಗಕ್ಕೆ ಓಡಲು ಬಯಲಿಲ್ಲ. ದೊರವಾಯನ ಹಕ್ಕಿ, ಅಂದರೆ ಬಸ್ಟರ್ಡ್, ನೆಲದ ಮೇಲೆ ಮೊಟ್ಟೆಯಿಡುವುದು, ನಾಲ್ಕೂ ಕಡೆ ಕಣ್ಣು ಹಾಯುವ ಜಾಗ ಬೇಕು ಅದಕ್ಕೆ. ಮುಳ್ಳಿನ ಪೊದೆಯೊಳಗೆ ಅದೇನು ಮಾಡೀತು?

ಇದೇ ಬಳಗಕ್ಕೆ ಸೇರಿದ ನಮ್ಮ ಬನ್ನಿ ಮರ ಹೊಲದ ನಡುವೆಯೇ ಬೆಳೆಯುತ್ತದೆ. ಅದರ ಬುಡದವರೆಗೂ ಸಜ್ಜೆ ಬಿತ್ತುತ್ತಾರೆ, ತೆನೆ ಸೊರಗುವುದಿಲ್ಲ. ವಿಜಯದಶಮಿಗೆ ನಾವು ಪೂಜಿಸುವ ಮರ ಪಕ್ಕದ ಬೆಳೆಯನ್ನು ಬದುಕಗೊಡುತ್ತದೆ, ಹೊರಗಿನಿಂದ ಬಂದ ಅದರ ದಾಯಾದಿ ಬದುಕಗೊಡುವುದಿಲ್ಲ. ಮುಳ್ಳಿರುವುದೆಲ್ಲ ಶತ್ರುವಲ್ಲ ಎಂದು ಜೆಸಿಬಿ ಓಡಿಸುವವನಿಗೆ ಯಾರು ಹೇಳುತ್ತಾರೆ? ಬನ್ನಿ, ಕರಿಜಾಲಿ, ಬಿಳಿಜಾಲಿ, ಬೋರೆ, ಇವುಗಳ ಕಾಂಡಕ್ಕೆ ಸುಣ್ಣದ ಪಟ್ಟೆ ಬಳಿಸಿಬಿಡು. ಪಟ್ಟೆ ಇದ್ದ ಮರವನ್ನು ಮುಟ್ಟಿದರೆ ಬಿಲ್ಲು ಪಾಸಾಗುವುದಿಲ್ಲ ಎಂದು ಮೊದಲೇ ಕರಾರು ಮಾಡಿಕೋ.

ಪಶು ಇಲಾಖೆಯಲ್ಲಿದ್ದಾಗ ಕಣ್ಣಾರೆ ಕಂಡ ಕಾಯಿಲೆಯೊಂದನ್ನು ಹೇಳಲೇಬೇಕು. ತಿಂಗಳುಗಟ್ಟಲೆ ಜಾಲಿ ಕಾಯಿಯನ್ನೇ ತಿಂದ ಹಸುವಿನ ಕೆಳದವಡೆ ಒಂದು ಕಡೆಗೆ ಜೋತುಬೀಳುತ್ತದೆ. ಕೆನ್ನೆಯ ಮಾಂಸ ಕರಗಿ ಗುಳಿ ಬಿದ್ದಿರುತ್ತದೆ. ಮೆಲುಕು ಹಾಕಲು ಹೋದರೆ ಮೇವು ಬಾಯಿಯಿಂದ ಜಾರಿ ಎದುರಿಗೇ ಬೀಳುತ್ತದೆ. ಮುಖವನ್ನು ಓರೆ ಮಾಡಿ ಮತ್ತೆ ಅಗಿಯಲು ನೋಡುತ್ತದೆ, ಜೊಲ್ಲು ಸುರಿಯುತ್ತಲೇ ಇರುತ್ತದೆ. ಹಸಿ ಹುಲ್ಲು ಹಿಡಿದರೆ ಆಸೆಯಿಂದ ಬಾಯಿ ಹಾಕುತ್ತದೆ, ನುಂಗಲಾಗುವುದಿಲ್ಲ. ಕಾಯಿಯಲ್ಲಿರುವ ವಿಷ ದವಡೆಯನ್ನು ಆಡಿಸುವ ನರಗಳನ್ನು ಕೊಲ್ಲುತ್ತದೆ. ಆಮೇಲೆ ಕೊಡಲು ಮದ್ದಿಲ್ಲ. ಬ್ರೆಜಿಲಿನ ಈಶಾನ್ಯ ಭಾಗದ ರೈತರಿಗೂ ಈ ಕಾಯಿಲೆ ಚೆನ್ನಾಗಿ ಗೊತ್ತು. ಕೀನ್ಯಾದ ಬರಿಂಗೊ ಎಂಬಲ್ಲಿ ಎಂಬತ್ತರ ದಶಕದಲ್ಲಿ ನೆಟ್ಟ ಜಾಲಿ ಹುಲ್ಲುಗಾವಲನ್ನು ನುಂಗಿದಾಗ, ಅಲ್ಲಿನ ಪಶುಪಾಲಕರು ನ್ಯಾಯಾಲಯದ ಮೆಟ್ಟಿಲೇರಿದರು. ಸಿಹಿ ಕಾಯಿ ತಿಂದು ತಿಂದು ಹಲ್ಲುದುರಿದ ಮೇಕೆಯೊಂದನ್ನು 2006ರಲ್ಲಿ ಸಾಕ್ಷಿಯಾಗಿ ಕರೆದೊಯ್ದರು. ಅವರ ಹೊಟ್ಟೆಯ ಸಂಕಟ ನನಗೆ ಅರ್ಥವಾಗುತ್ತದೆ.

ಆ ಕಾಯಿಯೇ ಜಾಲಿ ಹರಡುವ ದಾರಿಯೂ ಹೌದು. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯೊಳಗೆ ಸಾಯುವುದಿಲ್ಲ. ಹಿಕ್ಕೆಯೊಡನೆ ಹೊರಬಂದು, ಗೊಬ್ಬರವನ್ನೂ ಹೊತ್ತುಕೊಂಡೇ ನೆಲಕ್ಕೆ ಬೀಳುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲಿ ಒಂದು ಸಗಣಿಯ ಕುಪ್ಪೆಯ ಹತ್ತಿರ ಕುಳಿತು ನೋಡು, ಅದರೊಳಗಿಂದ ಎರಡೆರಡು ಎಲೆಯ ಸಸಿಗಳು ತಲೆಯೆತ್ತಿರುತ್ತವೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತೇವಲ್ಲ, ಜಾಲಿ ಅಡವಿಯಿಂದ ನೇರ ಬಂದ ಮಂದೆಯಾದರೆ ಗೊಬ್ಬರದ ಜೊತೆ ಜಾಲಿಯನ್ನೂ ಬಿತ್ತಿದ ಹಾಗೆ. ಮಂದೆ ನಿಲ್ಲಿಸುವುದನ್ನು ಬಿಡಿ ಎಂದು ಯಾರಿಗೂ ಹೇಳಬೇಡ, ಅದು ನಮ್ಮ ಹೊಲಗಳ ಉಸಿರು. ಕಾಯಿ ಉದುರುವ ಕಾಲದಲ್ಲಿ ನಾಲ್ಕಾರು ದಿನ ಬೇರೆ ಮೇವಿನಲ್ಲಿ ಇಟ್ಟು ಆಮೇಲೆ ಮಂದೆ ಕರೆಸಿ ಎಂದು ಹೇಳು. ಕಾಯಿಯನ್ನು ಆರಿಸಿ ಗಿರಣಿಯಲ್ಲಿ ಬೀಜಸಹಿತ ನುಣ್ಣಗೆ ಬೀಸಿ, ಬೇರೆ ಮೇವಿನೊಡನೆ ಸ್ವಲ್ಪವೇ ಬೆರೆಸಿ ಕೊಟ್ಟರೆ ಬೀಜವೂ ಸಾಯುತ್ತದೆ, ದನಕ್ಕೂ ಅಪಾಯ ಕಡಿಮೆ. ಸ್ತ್ರೀಶಕ್ತಿ ಸಂಘದವರಿಗೆ ಇದನ್ನೊಂದು ಕೆಲಸವಾಗಿ ಕೊಡಬಹುದು, ಯೋಚಿಸು.

ಈಗ ಕೀಳುವ ಮಾತು. ಗಿಡವನ್ನು ನೆಲದ ಮಟ್ಟಕ್ಕೆ ಕತ್ತರಿಸಿದರೆ ಅದಕ್ಕೆ ಉಪಕಾರ ಮಾಡಿದಂತೆ: ಒಂದು ಕಾಂಡ ಇದ್ದ ಕಡೆ ಎಂಟು ಚಿಗುರು ಬರುತ್ತವೆ. ಚಿಗುರುವ ಕಣ್ಣುಗಳು ಬುಡದಲ್ಲಿ, ಮಣ್ಣಿನ ಕೆಳಗೆ ಗೇಣುದ್ದದೊಳಗೆ ಇರುತ್ತವೆ; ಬುಡ ಬಿಡಿಸಿ ಅದರ ಕೆಳಕ್ಕೆ ಬೇರನ್ನು ಕತ್ತರಿಸಬೇಕು. ದೊಡ್ಡ ಮರಕ್ಕೆ ಜೆಸಿಬಿ ಬೇಕಾಗಬಹುದು. ಸಣ್ಣದಕ್ಕೆ ಹಾರೆ, ಪಿಕಾಸಿ ಸಾಕು, ಆ ಕೂಲಿ ಊರಿನವರಿಗೇ ಸಿಗಲಿ. ಕಾಯಿ ಹಣ್ಣಾಗುವ ಮೊದಲೇ ಕೆಲಸ ಮುಗಿಯಬೇಕು. ಸೌದೆಯನ್ನು ಹೊರಗಿನ ಗುತ್ತಿಗೆದಾರನಿಗೆ ಹರಾಜು ಹಾಕಬೇಡ. ಈಗ ಇದ್ದಿಲು ಸುಡುವವರಿಗೇ ಅದನ್ನು ಕೊಟ್ಟು, ಬದಲಿಗೆ ಅದೇ ಜಾಗದ ಬುಡ ಕೀಳುವ, ನಾಲ್ಕೈದು ಮಳೆಗಾಲ ಸಸಿ ಕಿತ್ತು ಕಾಯುವ ಹೊಣೆಯನ್ನೂ ಅವರಿಗೇ ವಹಿಸು. ಜಾಲಿಯ ಸ್ವಭಾವ ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ, ಇಂಜಿನಿಯರಿಗೂ ಗೊತ್ತಿಲ್ಲ.

ಎಲ್ಲಿಂದ ಶುರು ಮಾಡಬೇಕು? ಕೆರೆಗೆ ನೀರು ತರುವ ಕಾಲುವೆಗಳಿಂದ. ಅಲ್ಲಿ ಜಾಲಿ ಹೂಳು ಹಿಡಿದು ನೀರಿನ ದಾರಿಯನ್ನೇ ತಿರುಗಿಸುತ್ತದೆ. ಅದಾದ ಮೇಲೆ ಗೋಮಾಳದಲ್ಲಿ ಜಾಲಿ ಇನ್ನೂ ತೆಳುವಾಗಿರುವ ಅಂಚು, ಹುಲ್ಲು ಪೂರ್ತಿ ಸತ್ತಿರದ ಕಡೆ. ಅಲ್ಲಿ ಕಿತ್ತ ವರ್ಷವೇ ಹುಲ್ಲು ಮೇಲೇಳುತ್ತದೆ, ಜನರಿಗೂ ನಂಬಿಕೆ ಬರುತ್ತದೆ. ದಟ್ಟ ಅಡವಿಯನ್ನು ಕೊನೆಗೆ ಇಟ್ಟುಕೋ. ಅಲ್ಲಿಯವರೆಗೆ ಅದು ಸೌದೆಯವರ ಅನ್ನ. ಕೆರೆ ಏರಿಯ ಮೇಲಿನದನ್ನು ಮಾತ್ರ ಜೆಸಿಬಿಯಿಂದ ಎಳೆಸಬೇಡ. ಬೇರು ಬಿಟ್ಟುಹೋದ ತೂತಿನಲ್ಲಿ ನೀರು ಜಿನುಗಿ ಏರಿಗೇ ಕುತ್ತು ಬರುತ್ತದೆ. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಅದು ಸಣ್ಣ ನೀರಾವರಿ ಇಲಾಖೆಯದು, ಅವರ ಒಪ್ಪಿಗೆ ಬರಹದಲ್ಲಿ ಇರಲಿ. ಹಳ್ಳದ ದಂಡೆಯಲ್ಲಿ ಮಣ್ಣು ಹಿಡಿದಿರುವುದು ಈಗ ಜಾಲಿಯೊಂದೇ. ಪಕ್ಕದಲ್ಲಿ ಹೊಂಗೆ, ಲೆಕ್ಕಿ ಬೇರು ಬಿಟ್ಟ ಮೇಲೆ ಅದನ್ನು ತೆಗೆ.

ಅವಸರ ಬೇಡ ಎನ್ನುವುದಕ್ಕೆ ಪಕ್ಕದ ರಾಜ್ಯವೇ ಸಾಕ್ಷಿ. 2017ರ ಆರಂಭದಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ತಮಿಳುನಾಡಿನ ಜಾಲಿಯನ್ನೆಲ್ಲ ಕೀಳಿಸಲು ಗಡುವು ಹಾಕಿ ಹೊರಟಿತ್ತು. ಕೆಲವೇ ತಿಂಗಳಲ್ಲಿ, ಪರಿಣಾಮಗಳನ್ನು ತಜ್ಞರು ನೋಡಲಿ ಎಂದು ಅದೇ ಹೈಕೋರ್ಟು ತಡೆ ಕೊಡಬೇಕಾಯಿತು. 2022ರಲ್ಲಿ ಅಲ್ಲಿನ ಸರ್ಕಾರ ಅನ್ಯ ಸಸ್ಯಗಳನ್ನು ತೆಗೆಯುವುದರ ಜೊತೆಗೇ ಮೂಲ ಪರಿಸರವನ್ನು ಮರಳಿ ತರುವುದನ್ನೂ ಸೇರಿಸಿ ಒಂದು ನೀತಿ ಮಾಡಿತು. ದಕ್ಷಿಣ ಆಫ್ರಿಕಾದವರು 1995ರಿಂದ ನದಿಗಳ ನೀರು ಹೀರುವ ಅನ್ಯ ಮರಗಳನ್ನು ಕೀಳುವ ಕೆಲಸವನ್ನು ನಿರುದ್ಯೋಗಿಗಳಿಗೆ ಕೂಲಿಯಾಗಿ ಕೊಡುತ್ತಾ ಬಂದಿದ್ದಾರೆ. ಅವರಿಗೂ ತಲೆನೋವಾಗಿರುವುದು ಎರಡನೇ ಸಲ, ಮೂರನೇ ಸಲ ಹೋಗಿ ಕೀಳುವ ಕೆಲಸವೇ. ಹಾಗಾಗಿ ಕ್ರಿಯಾಯೋಜನೆ ಬರೆಯುವಾಗ ಮೊದಲ ವರ್ಷಕ್ಕೆ ಇಟ್ಟಷ್ಟೇ ಹಣವನ್ನು ಮುಂದಿನ ವರ್ಷಗಳ ಕಾವಲಿಗೂ ಇಡು. ಉದ್ಘಾಟನೆಯ ಫೋಟೊಗೆ ಬರುವ ದೊಡ್ಡವರಾರೂ ಮೂರನೇ ವರ್ಷ ಸಸಿ ಕೀಳಲು ಬರುವುದಿಲ್ಲ.

ಬರಿದಾದ ನೆಲವನ್ನು ಬರಿದಾಗಿ ಬಿಡಬೇಡ. ಸುತ್ತಮುತ್ತಲ ಕಾವಲಿನಲ್ಲಿ ಹುಲ್ಲು ತೆನೆಯಾದಾಗ ಬೀಜ ಆರಿಸಿ ತರಿಸಿ ಎರಚಿಸು. ಒಂದು ಮಳೆಗಾಲ ದನ ಬಿಡದೆ ಕಾಯಿಸು. ಅದಕ್ಕೆ ಕುರಿಯವರ ಒಪ್ಪಿಗೆ ಬೇಕು, ಅವರ ಮಂದೆಗೆ ಆ ವರ್ಷ ಬೇರೆ ಜಾಗವನ್ನೂ ತೋರಿಸಬೇಕು. ಅಲ್ಲಲ್ಲಿ ಬನ್ನಿ, ಬೋರೆ, ಕಮರ ಇರಲಿ. ಇಡೀ ಗೋಮಾಳವನ್ನು ನೆಡುತೋಪು ಮಾಡುವ ಸಲಹೆ ಯಾರಾದರೂ ತಂದರೆ ಒಪ್ಪಬೇಡ. ಅದು ಹುಲ್ಲಿನ ನೆಲ, ಹುಲ್ಲಿಗೇ ಬಿಡು. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಾದರೂ ಇರುತ್ತದೆ. 2002ರ ಕಾಯಿದೆಯಂತೆ ಇರಲೇಬೇಕು. ಅದರ ಸಭೆ ಕರೆ. ಕುರಿ ಕಾಯುವವರನ್ನು, ಸೌದೆ ಹೊರುವ ಹೆಂಗಸರನ್ನು ಕೂರಿಸಿಕೊಂಡು ಎಲ್ಲಿ ಯಾವ ಹುಲ್ಲಿತ್ತು, ಯಾವ ಹಕ್ಕಿಯಿತ್ತು ಎಂದು ಬರೆಸು. ಹಳಬರು ಇರುವಾಗಲೇ ಆಗಬೇಕಾದ ಕೆಲಸ ಅದು.

ಇದನ್ನೆಲ್ಲ ಓದಿ ಮಾವ ಅಡ್ಡಗಾಲು ಹಾಕುತ್ತಿದ್ದಾನೆ ಎಂದುಕೊಳ್ಳಬೇಡ. ಈ ಬೇಸಿಗೆಯಲ್ಲೇ ಶುರು ಮಾಡು, ಆದರೆ ಕಾಲುವೆ ಮತ್ತು ಹತ್ತು ಎಕರೆ ಗೋಮಾಳ, ಇಷ್ಟರಿಂದ. ಗ್ರಾಮಸಭೆಯ ತಾರೀಖು ಗೊತ್ತಾದ ಕೂಡಲೇ ತಿಳಿಸು, ನಾನು ಹಿಂದಿನ ದಿನವೇ ಬರುತ್ತೇನೆ. ಇದ್ದಿಲು ಸುಡುವವರ ಹಟ್ಟಿಗೆ ನಾವಿಬ್ಬರೂ ಮೊದಲು ಹೋಗಿ ಮಾತಾಡೋಣ. ಸಭೆಯಲ್ಲಿ ಮೊದಲ ಸಲ ಅವರ ಕಿವಿಗೆ ಈ ಸುದ್ದಿ ಬೀಳುವುದು ಸರಿಯಲ್ಲ. ಬರುವಾಗ ಇಲ್ಲಿನ ಕಾವಲಿನಲ್ಲಿ ಆರಿಸಿಟ್ಟ ಹುಲ್ಲಿನ ಬೀಜವನ್ನೂ ತರುತ್ತೇನೆ, ಒಣಗಿದ ಜಾಗದಲ್ಲಿ ಇಡಲು ಒಂದು ಡಬ್ಬಿ ಖಾಲಿ ಮಾಡಿಸಿರು.

ಅವ್ವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇತಿ ನಿನ್ನ ಮಾವ