ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಮೊದಲ ಆಲ್ಬಂನ ಹಾಡುಗಳನ್ನೆಲ್ಲ ಕೇಳಿದೆ. ಮೂರನೇ ಹಾಡಿನ ಎರಡನೇ ಚರಣಕ್ಕೆ ಮುಂಚೆ ನೀನು ಉಸಿರು ಎಳೆದುಕೊಳ್ಳುವುದು ಸಣ್ಣಗೆ ಕೇಳಿಸುತ್ತದೆ. ಮಿಕ್ಸಿಂಗ್‌ನವರು ಅದನ್ನು ತೆಗೆಯೋಣ ಅಂದರೆ ಬೇಡ ಅನ್ನು. ಆ ಉಸಿರಿನಲ್ಲೇ ನೀನಿದ್ದೀಯ.

ಹಾಡಿನ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಕಂಪನಿಯವರು ಕಳಿಸಿರುವ ಕರಾರಿನ ಬಗ್ಗೆ.

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಮೊದಲ ಆಲ್ಬಂ 2006ರಲ್ಲಿ ಬಂದಾಗ ಆಕೆಗೆ 16 ವರ್ಷ. ದನಿ ಆಕೆಯದು, ಆದರೆ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಕಂಪನಿಯದು. 2019ರಲ್ಲಿ ಆ ಕಂಪನಿ ಬೇರೆಯವರ ಪಾಲಾಯಿತು. ಜೊತೆಗೆ ಆರು ಆಲ್ಬಂಗಳ ಮಾಸ್ಟರೂ ಹೋದವು. ಹೊಸ ಮಾಸ್ಟರ್ ಆದರೂ ತನ್ನದಾಗಲಿ ಅಂತ ಆಕೆ ಹಳೆಯ ಆಲ್ಬಂಗಳನ್ನು ಮತ್ತೆ ಹಾಡಿ 2021ರಿಂದ ಬಿಡುಗಡೆ ಮಾಡಬೇಕಾಯಿತು. ಮಾಸ್ಟರ್‌ಗಳನ್ನು ವಾಪಸ್ ಕೊಂಡುಕೊಂಡದ್ದು 2025ರಲ್ಲಿ. ಆಕೆಗೆ ಅಷ್ಟು ದುಡ್ಡಿತ್ತು, ನಡೆಯಿತು. ನಮ್ಮ ಕೈಲಿ ಆಗುವ ಮಾತೇ?

ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 5 ವರ್ಷ ಅಂತಲೇ ಲೆಕ್ಕ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ 'ಶಾಶ್ವತವಾಗಿ, ವಿಶ್ವದಾದ್ಯಂತ' ಅಂತ ಬರೆಸಿಕೊಳ್ಳುತ್ತಾರೆ. ನಿನ್ನ ಕರಾರಿನಲ್ಲಿ ಅದು ಎಲ್ಲಿದೆ ಹುಡುಕು, ಪೆನ್ಸಿಲ್‌ನಲ್ಲಿ ಗೆರೆ ಎಳೆ. ಇಷ್ಟು ವರ್ಷ ಅಂತ ಹಾಕಿ ಎಂದು ಕೇಳು. ಕೇಳೋದಕ್ಕೆ ಸಂಕೋಚ ಬೇಡ.

ರಾಗ ಹಾಕಿದ್ದೂ ನೀನೇ ಅಲ್ವಾ? 2012ರ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿ ಸುಮ್ನೆ ಬರೆಸಿಕೊಳ್ಳುವ ಹಾಗಿಲ್ಲ. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್, ಬೇಗ ಅದರ ಸದಸ್ಯಳಾಗು. ಸಾಹಿತ್ಯ ಬರೆದ ನಿನ್ನ ಗೆಳತಿಯ ಪಾಲೆಷ್ಟು ಅಂತ ಈಗಲೇ ಕಾಗದದ ಮೇಲೆ ಹಾಕಿಬಿಡಿ, ಇಬ್ಬರೂ ನಗುನಗುತ್ತಾ ಇರುವಾಗಲೇ. ತಬಲಾ, ಕೊಳಲು ನುಡಿಸಿದವರ ಹೆಸರೂ ಬಿಟ್ಟುಹೋಗದಿರಲಿ.

ಕನ್ನಡದ ಹಾಡು ಕಡಿಮೆ ಮಾಡಿ, ಹಿಂದಿ ಜಾಸ್ತಿ ಇರಲಿ ಅಂದರಂತೆ, ಅಕ್ಕ ಹೇಳಿದಳು. ಹಿಂದಿ ಹಾಡಬೇಕು ಅನಿಸಿದರೆ ಹಾಡು, ಕನ್ನಡದ್ದು ಮಾತ್ರ ತೆಗೆಯಬೇಡ. ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ ಪದವೂ ಇತ್ತು. ಕನ್ನಡ ಬಾರದವರೂ ಕೇಳಿದರು.

ಕರಾರಿನ ಎಲ್ಲ ಪುಟಗಳ ಫೋಟೊ ತೆಗೆದು ಕಳಿಸು, ಕೊನೆಯಲ್ಲಿರುವ ಸಣ್ಣ ಅಕ್ಷರದ ಪುಟವನ್ನೂ. ಇಂಥ ವಿಷಯ ಬಲ್ಲ ವಕೀಲರಿಗೆ ತೋರಿಸುತ್ತೇನೆ, ಫೀಸು ನನಗಿರಲಿ. ಅಲ್ಲಿಯವರೆಗೆ ಸಹಿ ಬೇಡ. ಕಂಪನಿಯವರು ಅವಸರ ಮಾಡಿದರೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ.

ಇತಿ,
ನಿನ್ನ ಮಾವ