ಚಿತ್ರ ಹಾಕುವ ಮುನ್ನ

ಕೊಪ್ಪಳ

ಪ್ರೀತಿಯ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ.

ರಾಯಚೂರಿನಿಂದ ನೀನು ಕಳಿಸಿದ ವರ್ಕ್‌ಶೀಟ್ ನೋಡಿದೆ. ಬಿ.ಎಡ್ ಪ್ರಶಿಕ್ಷಣಾರ್ಥಿಗಳಿಗೆ ಚಿತ್ರದ ಒಗಟು ಕೊಡುವ ವಿಚಾರ ನನಗೆ ಹಿಡಿಸಿತು. ಆದರೆ ಮೊದಲ ಪುಟದಲ್ಲೇ ಆ ವಾಟ್ಸ್ಆ್ಯಪ್ ಲೆಕ್ಕ ಹಾಕಿದ್ದೀಯಲ್ಲ, ಮೂರು ಸೇಬು ಕೂಡಿದರೆ 30, ಒಂದು ಸೇಬಿಗೆ ಎರಡು ಬಾಳೆ ಕೂಡಿದರೆ 18 ಅಂತ, ಅದನ್ನು ತೆಗೆದುಬಿಡು. ಅಲ್ಲಿ ಸೇಬು ಬಣ್ಣ ಬಳಿದ ಬೀಜಗಣಿತದ 'ಎಕ್ಸ್' ಅಷ್ಟೇ. ಸೇಬು ಅಳಿಸಿ ಅಕ್ಷರ ಬರೆದರೂ ಲೆಕ್ಕ ಅದೇ. ಮೇಲಾಗಿ, ಅಕ್ಷರ ಅಂದರೆ ಹಣ್ಣು ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಅದು ಸಂಖ್ಯೆ ಅನ್ನುವುದು ಮರೆತೇ ಹೋಗುತ್ತದೆ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ, ನಗಬೇಡ. ಕೆಲಸಕ್ಕೆ ಸೇರಿದ ಹೊಸತು. ಕಾಲು ಭಾಗ ಕಲಿಸಲು ಬೋರ್ಡಿನ ಮೇಲೆ ದುಂಡಗೆ ರೊಟ್ಟಿ ಬರೆದು, ಮೇಲಿಂದ ಕೆಳಕ್ಕೆ ಸಮ ಅಂತರದಲ್ಲಿ ಮೂರು ಗೆರೆ ಎಳೆದೆ. ನಾಲ್ಕು ತುಂಡಾಯಿತು, ಒಂದೊಂದೂ ಕಾಲು ಅಂದೆ. ಹಿಂದಿನ ಸಾಲಿನ ಹುಡುಗ ಎದ್ದು, "ನನಗ ನಡುವಿಂದು ಕೊಡ್ರಿ ಸರ್, ಅದು ದೊಡ್ಡದೈತಿ" ಅಂದ. ಅವನು ಚಿತ್ರ ಓದಿದ್ದ. ನಾನು ಸುಮ್ನೆ ಗೀಚಿದ್ದೆ. ಆ ತಪ್ಪು ರೊಟ್ಟಿಯನ್ನೇ ನಿನ್ನ ಹಾಳೆಗೆ ಹಾಕು. ತಪ್ಪೆಲ್ಲಿದೆ ಅಂತ ಅವರೇ ಹುಡುಕಲಿ.

ಇನ್ನೊಂದು, ರಂಗೋಲಿ. ನೇರ ಚುಕ್ಕಿ, ನಡುಸಾಲಿನಲ್ಲಿ 7, ಅದರ ಮೇಲೂ ಕೆಳಗೂ 5, 3, 1. ಒಟ್ಟು 25. ಇಷ್ಟನ್ನು ಯಾರಾದರೂ ಎಣಿಸುತ್ತಾರೆ. ಎಣಿಸದೆ ಹೇಳಿ ಅನ್ನು. ಮೇಲಿಂದ ನಡುಸಾಲಿನವರೆಗೆ 1, 3, 5, 7 ಕೂಡಿದರೆ 16, ಅಂದರೆ 4ರ ವರ್ಗ. ಉಳಿದದ್ದು 9, 3ರ ವರ್ಗ. ಹಾಳೆಯನ್ನು ಓರೆಯಾಗಿ ಹಿಡಿದು ನೋಡಿದರೆ 4 ಸಾಲಿನ ಒಂದು ಚೌಕ, ಅದರ ಸಂದುಗಳಲ್ಲಿ 3 ಸಾಲಿನ ಇನ್ನೊಂದು ಕುಳಿತಿರುತ್ತದೆ. ಕಂಡಾಗ ಖುಷಿಯೇ ಬೇರೆ! ಆಮೇಲೆ ನಡುಸಾಲು 99 ಮಾಡು. ಅಷ್ಟು ಚುಕ್ಕಿ ಯಾರು ಇಡುತ್ತಾರೆ? 50ರ ವರ್ಗಕ್ಕೆ 49ರ ವರ್ಗ ಕೂಡಿಸಿ 4901 ಅನ್ನಲೇಬೇಕು. ಕೈಯಲ್ಲಿ ಮಾಡುವುದು, ಚಿತ್ರದಲ್ಲಿ ಕಾಣುವುದು, ಚಿಹ್ನೆಯಲ್ಲಿ ಬರೆಯುವುದು ಅಂತ ಮನಃಶಾಸ್ತ್ರಜ್ಞ ಬ್ರೂನರ್ ಹೇಳಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರಲ್ಲ, ಆ ಮೂರೂ ಈ ಒಂದು ರಂಗೋಲಿಯಲ್ಲಿವೆ.

ನಿನ್ನ ಹಾಳೆಯಲ್ಲಿ ಚಿತ್ರ ನೋಡಿ ಲೆಕ್ಕ ಬರೆಯುವುದೇ ಜಾಸ್ತಿ. ತಿರುಗಿಸಿಯೂ ಕೇಳು. 3 ÷ ½ ಅಂತ ಬರೆದು, ಇದಕ್ಕೆ ಚಿತ್ರ ಬಿಡಿಸಿ ಅನ್ನು. ಉತ್ತರ 6 ಅಂತ ಫಟ್ಟನೆ ಹೇಳುವವರೇ ಮೂರು ರೊಟ್ಟಿಯನ್ನು ಇಬ್ಬರಿಗೆ ಹಂಚುವ ಚಿತ್ರ ಬರೆದಾರು. ಅದು ಒಂದೂವರೆ ಆಯಿತಲ್ವಾ? ಬೈಯಬೇಡ. ಮೂರು ರೊಟ್ಟಿಯಲ್ಲಿ ಅರ್ಧ ರೊಟ್ಟಿ ಎಷ್ಟು ಸಲ ಇದೆ ಅಂತ ಕಾಗದ ಕತ್ತರಿಸಿ ನೋಡಲಿ.

ಗವಿಮಠದ ಜಾತ್ರೆಗೆ ಬರುವಾಗ ಅವರು ಬರೆದ ಹಾಳೆ ನಾಲ್ಕಾದರೂ ತಾ, ತಪ್ಪಿರುವುದನ್ನೇ ಆರಿಸಿ. ರಂಗೋಲಿ ಲೆಕ್ಕ ಹೇಳಿದ್ದಕ್ಕೆ ನಿನ್ನ ಚಿಗವ್ವ, ಸಂದು ಚುಕ್ಕಿ ಆದರೆ ಎಷ್ಟಾಗುತ್ತೆ ಅಂತ ನನ್ನನ್ನೇ ಕೇಳುತ್ತಿದ್ದಾಳೆ.

ಇಂತಿ,
ನಿನ್ನ ಕಾಕಾ