ಅಜ್ಜನ ಕತ್ತಿಗೆ ಎಂಥ ಮಸೆಗಲ್ಲು?

ಮೈಸೂರು

ಚಿ. ಸೌ. ಸುಮಾಳಿಗೆ ನಿನ್ನ ತಂದೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನೀನೂ ಅಳಿಯಂದಿರೂ ದೂರದ ಬೆಲ್ಜಿಯಮ್ಮಿನ ಲೀಜ್‌ನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಅಜ್ಜನ ಕ್ಷೌರದ ಕತ್ತಿಯನ್ನು ಮತ್ತೆ ಬಳಕೆಗೆ ತರಲು ಅಳಿಯಂದಿರು ಮನಸ್ಸು ಮಾಡಿದ್ದಾರೆಂದು ಓದಿ ಬಹಳ ಸಂತೋಷವಾಯಿತು. ಅದಕ್ಕಾಗಿ ಆರು ಮಸೆಗಲ್ಲುಗಳ ಸೆಟ್ಟನ್ನು ತರಿಸಲೇ ಎಂದು ಕೇಳಿ ಅದರ ಚಿತ್ರವನ್ನೂ ಕಳಿಸಿದ್ದೀಯ. ದಯವಿಟ್ಟು ತರಿಸಬೇಡ. ಆ ಸೆಟ್ಟು ಅಡುಗೆಮನೆಯ ಚಾಕುಗಳಿಗಾಗಿ ಮಾಡಿದ್ದು. ಅದರ ಒರಟು ಕಲ್ಲುಗಳು ಈ ಕತ್ತಿಯನ್ನು ಮುಟ್ಟಲೇಬಾರದು, ಕೊನೆಯ ನಯವಾದ ಕಲ್ಲು ಈ ಕತ್ತಿಗೆ ಸಾಲದು. ಇಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾರ್ಬೋರಂಡಮ್ ಎಂಬ ಒರಟು ಕಲ್ಲನ್ನು ಪಾರ್ಸೆಲ್ ಮಾಡೋಣವೆಂದು ನಿನ್ನ ಅಮ್ಮ ಹೇಳಿದಳು. ಅದಕ್ಕೂ ನಾನು ಬೇಡವೆಂದೆ. ಕುಡುಗೋಲಿಗೂ ಮಚ್ಚಿಗೂ ಅದು ಒಳ್ಳೆಯ ಕಲ್ಲೇ, ಏಕೆಂದರೆ ಅಂಥ ಕಲ್ಲು ಅಲಗಿನ ಮೇಲೆ ಬಿಡುವ ಸಣ್ಣ ಹಲ್ಲುಗಳು ಹುಲ್ಲು ಕೊಯ್ಯಲು ನೆರವಾಗುತ್ತವೆ. ಕೆನ್ನೆಯ ಮೇಲೆ ಅದೇ ಹಲ್ಲುಗಳು ಚರ್ಮವನ್ನು ಕೆರೆಯುತ್ತವೆ.

ಚಾಕುವನ್ನು ಮಸೆಯುವಾಗ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ಕೈಯೇ ನಿರ್ಧರಿಸಬೇಕು. ಕ್ಷೌರದ ಕತ್ತಿಯಲ್ಲಿ ಆ ಕೆಲಸವನ್ನು ಅದರ ದಪ್ಪನೆಯ ಬೆನ್ನು ಮಾಡುತ್ತದೆ: ಬೆನ್ನೂ ಬಾಯಿಯೂ, ಅಂದರೆ ಹರಿತವಾದ ಅಂಚೂ, ಒಟ್ಟಿಗೆ ಕಲ್ಲಿಗೆ ತಾಗುವಂತೆ ಮಲಗಿಸಿದರೆ, ಎರಡು ಮಗ್ಗುಲೂ ಸೇರಿ ಸುಮಾರು 16–17 ಡಿಗ್ರಿಯ ಕೋನ ತಾನಾಗಿಯೇ ಬರುತ್ತದೆ. ಆದ್ದರಿಂದ ಕಲ್ಲಿನ ಹೆಸರಿಗಿಂತಲೂ ಬೆಲೆಗಿಂತಲೂ ಮೊದಲು ನೋಡಬೇಕಾದದ್ದು ಅದರ ಮುಖ ಸಮತಟ್ಟಾಗಿದೆಯೇ ಎಂಬುದನ್ನು. ಟೂಲ್‌ರೂಮಿನಲ್ಲಿ ನಾನು ಕಲಿತ ವಿದ್ಯೆಯೆಲ್ಲ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಪ್ಪ ಗಾಜಿನ ಹಲಗೆಯೊಂದರ ಮೇಲೆ ನೀರು ತಾಳುವ ಉಜ್ಜುಕಾಗದವನ್ನು ಒದ್ದೆ ಮಾಡಿ ಅಂಟಿಸು. ಕಲ್ಲಿನ ಮುಖದ ಮೇಲೆ ಪೆನ್ಸಿಲ್ಲಿನಿಂದ ಉದ್ದಕ್ಕೂ ಅಡ್ಡಕ್ಕೂ ಗೆರೆಗಳನ್ನು ಎಳೆ. ನಂತರ ಕಲ್ಲನ್ನು ಕಾಗದದ ಮೇಲೆ ಮಗುಚಿ ಹಗುರವಾಗಿ ಉಜ್ಜು. ಉಬ್ಬಿರುವ ಕಡೆ ಗೆರೆ ಮೊದಲು ಅಳಿಯುತ್ತದೆ, ತಗ್ಗಿರುವ ಕಡೆ ಉಳಿಯುತ್ತದೆ. ಎಲ್ಲ ಗೆರೆಗಳೂ ಅಳಿದು ಹೋಗುವವರೆಗೆ ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆಯಬೇಡ. ಹೊಸ ಕಲ್ಲಾದರೂ ಇದನ್ನು ಬಿಡಬಾರದು.

ಇನ್ನು ಕಲ್ಲಿನ ಮೇಲಿನ ನಂಬರುಗಳ ವಿಷಯ. ನಂಬರು ಹೆಚ್ಚಿದಷ್ಟೂ ಕಣ ಸಣ್ಣದು ಎಂಬುದು ನಿನಗೆ ಗೊತ್ತು, ಆದರೆ ಒಂದೊಂದು ದೇಶದ ಲೆಕ್ಕ ಒಂದೊಂದು ಬಗೆ. ಯುರೋಪಿನ ಉಜ್ಜುಕಾಗದದ ಮೇಲೆ ಪಿ 1000 ಎಂದಿದ್ದರೆ ಅದರ ಕಣ ಸುಮಾರು 18 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಜಪಾನಿನ 1000 ನಂಬರಿನ ಕಲ್ಲು ಅದಕ್ಕಿಂತ ನಯ. ಹಾಗಾಗಿ ಒಂದು ದೇಶದ ನಂಬರನ್ನು ಇನ್ನೊಂದರ ಜೊತೆ ಹೋಲಿಸಿ ಕೊಳ್ಳಬೇಡ. ಜಪಾನಿನ ಲೆಕ್ಕದಲ್ಲಿ ಹೇಳುವುದಾದರೆ, ಬಾಯಿ ಮುಕ್ಕಾಗಿದ್ದರೆ ಅಥವಾ ಬಾಯಿಯ ಎರಡೂ ಮಗ್ಗುಲಲ್ಲಿರುವ ಸಣ್ಣ ಇಳಿಜಾರು ಪೂರ್ತಿ ಸವೆದಿದ್ದರೆ ಮಾತ್ರ 1000ದ ಕಲ್ಲು ಬೇಕು. ಅಲ್ಲಿಂದ 4000 ಅಥವಾ 5000, ಆಮೇಲೆ 8000, ಮುಖ ಸೂಕ್ಷ್ಮವಾದವರಿಗೆ 12000. ಅಜ್ಜನ ಕತ್ತಿಯ ಬಾಯಲ್ಲಿ ಮುಕ್ಕಿಲ್ಲ, ತುಕ್ಕೂ ಬಾಯಿಯವರೆಗೆ ಬಂದಿಲ್ಲ. ತುಕ್ಕಿನ ಗುಳಿ ಬಾಯಿಗೆ ಇಳಿದಿದ್ದರೆ ಆ ಭಾಗವನ್ನೇ ಸವೆಸಿ ತೆಗೆಯಬೇಕಾಗುತ್ತಿತ್ತು. ಅದಿಲ್ಲವಾದ್ದರಿಂದ 1000ದ ಕಲ್ಲಿಗೆ ಈಗ ಹಣ ಹಾಕುವುದು ವ್ಯರ್ಥ.

ಎಲ್ಲರೂ ಹೇಳುವ ಸುಲಭದ ದಾರಿ ಜಪಾನಿನ ಕೃತಕ ಕಲ್ಲುಗಳದು. ನಾನಿವಾ, ಶಾಪ್ಟನ್ ಎಂಬ ಎರಡು ಕಂಪನಿಗಳ ಕಲ್ಲುಗಳೂ ನಂಬಿಕೆಗೆ ಅರ್ಹ. ಕಣದ ಗಾತ್ರ ಒಂದೇ ಸಮ ಇರುವುದರಿಂದ ಕಲಿಯುವವರಿಗೆ ಫಲ ಬೇಗ ಸಿಗುತ್ತದೆ. ಶಾಪ್ಟನ್ ಕಲ್ಲನ್ನು ಮಾತ್ರ ನೀರಿನಲ್ಲಿ ನೆನೆಹಾಕಬಾರದು, ಮೇಲೆ ನೀರು ಚಿಮುಕಿಸಿದರೆ ಸಾಕು. ಕ್ಯೋಟೋ ಸುತ್ತಲಿನ ಗಣಿಗಳ ಹಳೆಯ ಕಲ್ಲುಗಳೂ ಜರ್ಮನಿಯ ತುರಿಂಗಿಯಾದ ಕಲ್ಲುಗಳೂ ಉತ್ತಮವಾದವೇ, ಆದರೆ ಸಂಗ್ರಾಹಕರು ಅವುಗಳ ಬೆಲೆಯನ್ನು ನಮ್ಮಂಥವರ ಕೈಗೆಟುಕದಷ್ಟು ಏರಿಸಿದ್ದಾರೆ.

ನೀನಿರುವ ಊರನ್ನು ನೋಡಿದರೆ ನನ್ನ ಮನಸ್ಸು ಇವೆಲ್ಲಕ್ಕಿಂತ ಕೋಟಿಕ್ಯೂಲ್ ಕಲ್ಲಿನ ಕಡೆಗೇ ವಾಲುತ್ತದೆ. ಅದು ಬೆಲ್ಜಿಯಮ್ಮಿನ ಆರ್ಡೆನ್ಸ್ ಬೆಟ್ಟಸಾಲಿನ ವೀಲ್‌ಸಾಮ್ ಸುತ್ತಮುತ್ತ ಸಿಗುವ ತಿಳಿಹಳದಿ ಬಣ್ಣದ ಕಲ್ಲು. ಲೀಜ್‌ನಿಂದ ವೀಲ್‌ಸಾಮ್‌ಗೆ ರೈಲಿನಲ್ಲೇ ಹೋಗಿಬರಬಹುದು. ಪಕ್ಕದ ಸಾಮ್‌ಶಾತೋದಲ್ಲಿ ಆ ಕಲ್ಲಿನದೇ ಒಂದು ವಸ್ತುಸಂಗ್ರಹಾಲಯವೂ ಇದೆ. ಹಳದಿ ಕಲ್ಲಿನ ಪದರ ಗಣಿಯಲ್ಲಿ ಬಹಳ ತೆಳುವಾದ್ದರಿಂದ ಅದನ್ನು ಸಾಮಾನ್ಯವಾಗಿ ಗಟ್ಟಿಯಾದ ಸ್ಲೇಟ್ ಕಲ್ಲಿಗೆ ಅಂಟಿಸಿ ಮಾರುತ್ತಾರೆ. ಗೋಮೇಧಿಕದ ಕುಲಕ್ಕೆ ಸೇರಿದ ಗಾರ್ನೆಟ್ಟಿನ ಸೂಕ್ಷ್ಮ ಹರಳುಗಳು ಅದರಲ್ಲಿ ಒತ್ತಾಗಿ ತುಂಬಿವೆ. ಈ ಹರಳುಗಳ ಆಕಾರ ಚೂಪಾಗಿರದೆ ಹೆಚ್ಚುಕಡಿಮೆ ಗುಂಡಗೆ ಇರುವುದರಿಂದ ಉಕ್ಕಿನಲ್ಲಿ ಆಳವಾದ ಗೀರು ಬೀಳುವುದಿಲ್ಲ, ಮುಖಕ್ಕೆ ಕ್ಷೌರ ಮೃದುವಾಗಿ ಹತ್ತುತ್ತದೆ.

ಇದರ ದೊಡ್ಡ ಗುಣವೆಂದರೆ ಒಂದೇ ಕಲ್ಲು ನಡುವಿನ ಕೆಲಸವನ್ನೂ ಕೊನೆಯ ಕೆಲಸವನ್ನೂ ಮಾಡಬಲ್ಲದು. ಅದೇ ಜಾತಿಯ ಚಿಕ್ಕ ಕಲ್ಲೊಂದನ್ನು ಜೊತೆಗೆ ಕೊಡುತ್ತಾರೆ. ದೊಡ್ಡ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ದೇವರಿಗೆ ಗಂಧ ತೇಯುವಂತೆ ಚಿಕ್ಕ ಕಲ್ಲಿನಿಂದ ತೇಯ್ದರೆ ಹಾಲಿನಂಥ ತಿಳಿಗೆಸರು ಏಳುತ್ತದೆ. ಆ ಕೆಸರಿನಲ್ಲಿ ಗಾರ್ನೆಟ್ ಬಿಡಿಯಾಗಿ ಓಡಾಡುವುದರಿಂದ ಕತ್ತಿ ಬೇಗ ಸವೆಯುತ್ತದೆ, ಕೆಸರು ಬೂದುಬಣ್ಣಕ್ಕೆ ತಿರುಗುತ್ತದೆ. ಅದು ಕತ್ತಿಯಿಂದ ಬಂದ ಉಕ್ಕು. ಆದರೆ ಅದೇ ಬಿಡಿ ಕಣಗಳು ಬಾಯಿಯ ತುತ್ತತುದಿಯನ್ನು ಸ್ವಲ್ಪ ಮೊಂಡು ಮಾಡುತ್ತವೆ. ಆದ್ದರಿಂದ ಒಂದೊಂದೇ ಹನಿ ನೀರು ಸೇರಿಸುತ್ತ ಕೆಸರನ್ನು ತೆಳುಗೊಳಿಸಿ, ಕೊನೆಗೆ ಬರೀ ತಿಳಿನೀರಿನ ಮೇಲೆ, ಕತ್ತಿಯ ಸ್ವಂತ ಭಾರವಷ್ಟೇ ಬೀಳುವಂತೆ ಮಸೆದು ಮುಗಿಸಬೇಕು. ಎಣ್ಣೆ ಹಾಕಬೇಡ.

ಅಂಗಡಿಯಲ್ಲಿ ಚಂದದ ಮೈಯ, ಕಲೆಯಿಲ್ಲದ ಕಲ್ಲನ್ನು ಹೆಚ್ಚು ಬೆಲೆಗೆ ತೋರಿಸುತ್ತಾರೆ. ಕೆಲಸದಲ್ಲಿ ಅದಕ್ಕೂ ಸಾಧಾರಣ ದರ್ಜೆಯದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂಕುಡೊಂಕಾದ ತುಂಡುಗಳು ಇನ್ನೂ ಅಗ್ಗ, ಕತ್ತಿಗೆ ಅವೂ ಸಲ್ಲುತ್ತವೆ. ಕತ್ತಿಯ ಬಾಯಿಗೆ ಅಡ್ಡ ಬರುವಂಥ ಬಿರುಕು ಕಲ್ಲಿನ ಮುಖದಲ್ಲಿ ಇಲ್ಲದಿದ್ದರೆ ಆಯಿತು. ಬೆರಳ ಉಗುರನ್ನು ಮುಖದ ಮೇಲೆ ಎಳೆದು ನೋಡು, ಉಗುರು ಸಿಕ್ಕಿಕೊಂಡರೆ ಆ ಕಲ್ಲನ್ನು ಬಿಡು. ಅಗಲ 40 ಮಿಲಿಮೀಟರ್ ಇದ್ದರೂ ನಡೆಯುತ್ತದೆ, ಏಕೆಂದರೆ ಕತ್ತಿಯನ್ನು ಹೇಗೂ ಹಿಡಿಯ ಬುಡದಿಂದ ತುದಿಯ ಕಡೆಗೆ ಓರೆಯಾಗಿಯೇ ಎಳೆಯಬೇಕು. ಉದ್ದ 150ಕ್ಕಿಂತ ಕಡಿಮೆಯದು ಬೇಡ.

ಮಸೆಯುವ ಮುನ್ನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಂದೇ ಒಂದು ಸಲ ಕಲ್ಲಿನ ಮೇಲೆ ಎಳೆ. ಮಸಿ ಉಳಿದ ಕಡೆ ಕಲ್ಲು ತಾಗಿಲ್ಲವೆಂದು ಅರ್ಥ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಚಲಿಸಬೇಕು, ಮಸೆದ ಮೇಲೆ ಕತ್ತಿಯನ್ನು ಸವರುವ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಎರಡರಲ್ಲೂ ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಈ ಪಟ್ಟಿಯನ್ನು ಮರೆಯಬೇಡ. ಪ್ರತಿ ಕ್ಷೌರಕ್ಕೂ ಮುನ್ನ ಪಟ್ಟಿಗೆ ಹಾಕಿದರೆ ಕಲ್ಲಿನ ಕೆಲಸ ತಿಂಗಳುಗಟ್ಟಲೆ ಬೀಳುವುದಿಲ್ಲ. ನಮ್ಮೂರಿನ ಕ್ಷೌರದಂಗಡಿಗಳಲ್ಲಿ ಈಗ ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡ್ ಸಿಕ್ಕಿಸುತ್ತಾರೆ. ಸೋಂಕಿನ ಭಯಕ್ಕೆ ಅದು ಸರಿಯಾದ ಕ್ರಮವೇ, ಆದರೆ ಪಟ್ಟಿ ಹಾಕುವ ಕೈಗಳನ್ನು ನೋಡಿ ಕಲಿಯುವ ಅವಕಾಶ ಅದರಿಂದ ತಪ್ಪಿಹೋಯಿತು. ಅದಕ್ಕೇ ಇಷ್ಟು ಬರೆಯಬೇಕಾಯಿತು.

ವೀಲ್‌ಸಾಮ್‌ಗೆ ಹೋಗುವಾಗ ಕತ್ತಿಯನ್ನು ಒಯ್ಯಬೇಡ, ಅದರ ಅಲಗಿನ ಉದ್ದವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ಕಲ್ಲು ಆರಿಸಿದ ಮೇಲೆ, ಹಣ ಕೊಡುವ ಮೊದಲು, ಅದರ ಮುಖ ಮತ್ತು ಪಕ್ಕ ಎರಡರ ಚಿತ್ರವನ್ನೂ ನನಗೆ ಕಳಿಸು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಪ್ರೀತಿಯ ಅಪ್ಪ